ನನ್ನ ರಕ್ತದೊಳಗಿನ ಚಾಡಿಕೋರ ಪ್ರೋಟೀನಿನವರಿಗೆ

ಮಾನ್ಯರೇ,

ಅರವತ್ತೆಂಟು ವರ್ಷ ಒಂದೇ ಮೈಯಲ್ಲಿದ್ದೂ ಒಮ್ಮೆಯೂ ತಮ್ಮ ಯೋಗಕ್ಷೇಮ ವಿಚಾರಿಸದ ತಪ್ಪಿಗೆ ಮೊದಲು ಕ್ಷಮೆ ಕೋರಿ, ನಾನು ಕ್ಷೇಮ, ತಾವಂತೂ ಸಮೃದ್ಧಿಯಾಗಿದ್ದೀರೆಂದು ವರದಿಯಿಂದ ತಿಳಿದು ಸಂತೋಷಪಟ್ಟು, ಐ ಬೆಗ್ ಟು ಸ್ಟೇಟ್... ಮುಂದಿನ ಇಂಗ್ಲಿಷು ಮರೆತಿರುವುದರಿಂದ ಕನ್ನಡದಲ್ಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಕಳೆದ ತಿಂಗಳು ಮಗಳು ಆಸ್ಪತ್ರೆಯವರ ಯಾವುದೋ ಸಂಶೋಧನೆಗೆ ನನ್ನ ರಕ್ತ ಕೊಡಿಸಿದಳು. ಕೆಲವು ಪ್ರೋಟೀನುಗಳನ್ನು ಅಳೆದರೆ ಯಾರ ಹಸಿವು ಎಷ್ಟು, ಯಾರು ಮುಂದೆ ದಪ್ಪಗಾಗಬಹುದು ಎಂಬ ಸುಳಿವು ಸಿಗುತ್ತದೆಯೇ ಎಂದು ನೋಡುತ್ತಿದ್ದಾರಂತೆ. ಕಾಲೇಜಿನಲ್ಲಿ ಕಲಿತದ್ದರಲ್ಲಿ 'ಪ್ರೋಟೀನ್ ಈಸ್ ಎ ಬಾಡಿ ಬಿಲ್ಡರ್' ಎಂಬುದೊಂದೇ ನನಗೆ ನೆನಪಿರುವುದು. ತಾವು ಕಟ್ಟಿದ್ದನ್ನು ಮುಂಭಾಗದಲ್ಲಿ ಹೊತ್ತು ತಿರುಗುತ್ತಿದ್ದೇನೆ, ಕೆಲಸ ಗಟ್ಟಿಯಾಗಿದೆ, ಆ ಬಗ್ಗೆ ತಕರಾರಿಲ್ಲ. ಆದರೆ ನನ್ನ ಅನ್ನ ತಿಂದು ಬೆಳೆದ ತಾವು ಒಂದು ಸೂಜಿ ಕಂಡ ಕೂಡಲೇ ನನ್ನ ಹಸಿವು ಜಾಸ್ತಿ, ಇನ್ನೂ ದಪ್ಪಗಾಗುತ್ತೇನೆ ಎಂದು ಎಲ್ಲ ಬಾಯಿಬಿಟ್ಟಿರಲ್ಲ. ನಾನು ಮೂವತ್ತೊಂದು ವರ್ಷ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರಾಗಿದ್ದವನು. ತಕ್ಕಡಿಯಡಿ ಮೇಣ ಮೆತ್ತಿ ಸಿಕ್ಕಿಬಿದ್ದ ಅಂಗಡಿಯವರು ಕೂಡ ನನ್ನೆದುರು ಅರ್ಧ ಗಂಟೆಯಾದರೂ ಸುಳ್ಳು ಹೇಳುವ ಸೌಜನ್ಯ ತೋರುತ್ತಿದ್ದರು.

ವರದಿ ಓದಿದ ಮಗಳು ತೀರ್ಪು ಕೊಟ್ಟಳು: "ಇನ್ನೊಂದು ಕೆಜಿ ಏರಿದ್ರೆ ನಿನ್ನ ಒಲೆ ನಮ್ಮನೆಗೆ ಬರುತ್ತೆ ಅಪ್ಪ. ನಿಂಗೆ ಕ್ಯಾಂಟೀನಿಂದ ಡಬ್ಬಿ."

ಮಾನ್ಯರೇ, ನಮ್ಮವಳು ತೀರಿಕೊಂಡು ವರ್ಷವಾಯಿತು. ಅಡುಗೆಮನೆ ಬಿಟ್ಟರೆ ಅವಳು ಉಳಿದಿರುವ ಜಾಗ ಈ ಮನೆಯಲ್ಲಿ ಬೇರೆ ಇಲ್ಲ. ಒಲೆ ಹೋದರೆ ಅದೂ ಹೋದಂತೆ. ಆದ್ದರಿಂದ ತಮಗೆ ಮಾತ್ರ ನಿಜ ಹೇಳುತ್ತೇನೆ, ನನ್ನ ಹಸಿವು ಒಬ್ಬನದೇ. ಅಕ್ಕಿ ಡಬ್ಬದಲ್ಲಿ ಅವಳದೊಂದು ನೆಗ್ಗಿದ ಲೋಟ ಇದೆ. ಊರಿನ ಅಳತೆಗಳಿಗೆಲ್ಲ ಮುದ್ರೆ ಒತ್ತಿದ ನಾನು ಅದನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಅವಳು ಒಂದು ಲೋಟ ಹಾಕುತ್ತಿದ್ದಳು, ನಾನೂ ಒಂದು ಲೋಟ ಹಾಕಿದೆ. ಅದು ಇಬ್ಬರ ಲೋಟವೆಂದು ಹೊಳೆಯಲು ಎರಡು ತಿಂಗಳು ಹಿಡಿಯಿತು. ಹೊಳೆದ ಮೇಲೆ ಅರ್ಧ ಹಾಕಲು ಹೋದರೆ ಕೈ ಒಪ್ಪಲಿಲ್ಲ. ಚೆಲ್ಲಿದರೆ ಅವಳಿಗೆ ಆಗುತ್ತಿರಲಿಲ್ಲ. ಹಾಗಾಗಿ ನನ್ನ ತಟ್ಟೆ ಮುಗಿಸಿ, ಅವಳ ಹೆಸರಲ್ಲಿ ಬಡಿಸಿಟ್ಟ ತಟ್ಟೆಯನ್ನೂ ಮುಗಿಸುತ್ತೇನೆ. ಇದನ್ನು ಅಳೆದು ಹೇಳುವವರು ತಮ್ಮ ಬಳಗದಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಅವರನ್ನೂ ಸೂಜಿಯ ಹತ್ತಿರ ಕಳುಹಿಸಿ.

ಮುಂದಿನ ತಿಂಗಳು ಮತ್ತೆ ರಕ್ತ ತೆಗೆಯುತ್ತಾರೆ. ಸೂಜಿ ಬಲಗೈಗೆ ಬರುವ ಹೊತ್ತಿಗೆ ತಾವು ಸಕುಟುಂಬ ಎಡಗಾಲಿನ ಹೆಬ್ಬೆರಳಿಗೆ ಪ್ರವಾಸ ಹೋಗಬೇಕೆಂದು ಪ್ರಾರ್ಥನೆ. ಗಾಳಿ ಚೆನ್ನಾಗಿದೆ, ಚಪ್ಪಲಿಯೂ ಹೊಸದು. ಅದಾಗದಿದ್ದರೆ ಪಕ್ಕದ ಮನೆಯ ದರ್ಜಿಯ ರಕ್ತಕ್ಕೆ ವರ್ಗ ಮಾಡಿಸಿಕೊಳ್ಳಿ. ಅವರು ಕಡ್ಡಿಯ ಹಾಗಿದ್ದಾರೆ, ತಮ್ಮಂಥವರ ಅಗತ್ಯ ಬಹಳ. ಶಿಫಾರಸು ಪತ್ರ ನಾನೇ ಬರೆದುಕೊಡುತ್ತೇನೆ.

ತಮ್ಮನ್ನೆಲ್ಲ ಹೊತ್ತು ಮೂರು ಮಹಡಿ ಹತ್ತುವ,
ತಮ್ಮ ವಿಶ್ವಾಸಿ,
ನಿವೃತ್ತ ಇನ್ಸ್‌ಪೆಕ್ಟರ್, ತೂಕ ಮತ್ತು ಅಳತೆ

ಮರೆತ ಮಾತು: ತಮ್ಮ ವಿಳಾಸ ತಿಳಿಯದೆ, ಪತ್ರಿಕೆಗಾದರೂ ಕಳಿಸೋಣವೆಂದು ಇದನ್ನು ಮೇಜಿನ ಮೇಲೆ ಇಟ್ಟಿದ್ದೆ. ಮಗಳು ಓದಿದಳು. ಎರಡನೇ ತಟ್ಟೆಯ ಮುಂದೆ ಕೂತು, "ಅಮ್ಮನ ಪಾಲು ನಂಗೆ ಹಾಕಪ್ಪ" ಎಂದಳು. ಅಂದಿನಿಂದ ದಿನಾ ಮಧ್ಯಾಹ್ನ ಬರುತ್ತಾಳೆ. ಮೂರು ವಾರದಲ್ಲಿ ನಾನು ಒಂದೂವರೆ ಕೆಜಿ ಇಳಿದಿದ್ದೇನೆ, ಒಲೆ ಇದ್ದಲ್ಲೇ ಇದೆ. ಅವಳು ಎರಡು ಕೆಜಿ ಏರಿದ್ದಾಳೆ. ಅವಳ ರಕ್ತದಲ್ಲಿರುವ ತಮ್ಮ ನೆಂಟರಿಗೆ ಬಾಯಿ ಬಿಡಲು ಸಿದ್ಧರಾಗಿರುವಂತೆ ತಿಳಿಸಿ. ಈ ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗುವವನು ನಾನು.