ದೊಡ್ಡದಾದ ದೀಪಕ್ಕೆ ನಿದ್ದೆಗೆಟ್ಟ ಕ್ಷೌರಿಕನ ಬಿನ್ನಹ

ನಮ್ಮ ಮನೆಯೆದುರಿನ ಕಂಬದ ಮೇಲೆ ಸಂಜೆಯಿಂದ ಬೆಳಗಿನವರೆಗೆ ವಿರಾಜಮಾನರಾಗಿರುವ ಬಿಳಿಯ ಬೀದಿದೀಪ ಮಹಾಶಯರ ಉಜ್ವಲ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವಾಗಿ ಉರಿಯುತ್ತಿರುವ ಸಂಗತಿ ನಮ್ಮ ಮಲಗುವ ಕೋಣೆಯ ಗೋಡೆಯಿಂದಲೂ, ಚಾವಣಿಯಿಂದಲೂ, ಮುಚ್ಚಿದ ನನ್ನ ರೆಪ್ಪೆಗಳ ಒಳಭಾಗದಿಂದಲೂ ದಿನವೂ ತಿಳಿದುಬರುತ್ತಿರುವುದರಿಂದ ತಮ್ಮ ಯೋಗಕ್ಷೇಮವನ್ನು ಬೇರೆ ವಿಚಾರಿಸುವುದಿಲ್ಲ. ನಾವಿಲ್ಲಿ ಕ್ಷೇಮವಾಗಿಲ್ಲ. ಬೀದಿಯ ಮೂಲೆಯಲ್ಲಿ ಸಲೂನು ಇಟ್ಟುಕೊಂಡು ನಾಲ್ಕು ಜನರ ಗಡ್ಡ ತಲೆ ನೋಡಿಕೊಂಡಿರುವ ಕ್ಷೌರಿಕ ನಾನು.

ತಮ್ಮಿಂದ ಬೀದಿಗಾಗಿರುವ ಉಪಕಾರವನ್ನು ಮೊದಲು ಒಪ್ಪಿಕೊಳ್ಳದಿದ್ದರೆ ನನ್ನಂಥ ಕೃತಘ್ನ ಇನ್ನೊಬ್ಬನಿಲ್ಲ. ಪಕ್ಕದ ಮನೆಯ ದರ್ಜಿ ಈಗ ಸ್ವಂತ ದೀಪ ಹಚ್ಚದೆಯೇ ಸೂಜಿಗೆ ದಾರ ಪೋಣಿಸುತ್ತಾನೆ. ಹಿಂದಿನ ಮನೆಯ ಹುಂಜ ರಾತ್ರಿ ಊಟದ ಹೊತ್ತಿಗೇ ಬೆಳಗಾಯಿತೆಂದು ಕೂಗಿ, ಎಲ್ಲರಿಂದ ಬೈಸಿಕೊಂಡು, ಈಗ ನಿಜವಾದ ಬೆಳಗಿನಲ್ಲೂ ಬಾಯಿ ಬಿಡಲು ಹಿಂದೆಮುಂದೆ ನೋಡುತ್ತದೆ. ಕಳ್ಳರಂತೂ ಈ ಬೀದಿಯಲ್ಲಿ ಮರ್ಯಾದಸ್ಥರು ಕಸುಬು ಮಾಡುವ ಕಾಲ ಹೋಯಿತೆಂದು ಬೇರೆ ಕಡೆ ಹೋಗಿಬಿಟ್ಟಿದ್ದಾರೆ.

ತಾವು ಇಲ್ಲಿ ನೆಲೆಸಿದ್ದು ತಮ್ಮ ತಪ್ಪಲ್ಲ, ನಮ್ಮ ತಾಯಿಯವರ ಒಳ್ಳೆಯ ಮಾತಿನ ಫಲ. ಅವರ ಬಾಯಲ್ಲಿ ಬಳೆ ಒಡೆಯುವುದಿಲ್ಲ, 'ಹೆಚ್ಚುತ್ತದೆ'. ದೀಪವನ್ನೂ ಅವರು ಜನ್ಮದಲ್ಲಿ ಆರಿಸಿದವರಲ್ಲ, 'ದೊಡ್ಡದು ಮಾಡಿದವರು'. ತಮ್ಮ ಜಾಗದಲ್ಲಿ ಹಿಂದೆ ಇದ್ದ ಬಡಪಾಯಿ ಹಳದಿ ಬಲ್ಬು ಕಿಟಕಿಯಲ್ಲಿ ಇಣುಕುತ್ತದೆಂಬ ಒಂದೇ ಕಾರಣಕ್ಕೆ, ತಪಾಸಣೆಗೆ ಬಂದ ಬೀದಿದೀಪದ ಇಂಜಿನಿಯರ್ ಸಾಹೇಬರನ್ನು ತಡೆದು ನಿಲ್ಲಿಸಿ, "ಮಲಗೋ ಹೊತ್ತಿಗೆ ಈ ದೀಪ ಒಂಚೂರು ದೊಡ್ಡದು ಮಾಡ್ಸಪ್ಪಾ, ನಿನಗೆ ಪುಣ್ಯ ಬರುತ್ತೆ" ಎಂದು ಕೇಳಿಕೊಂಡರು. ಕೊಟ್ಟ ಮಾತಿಗೆ ತಪ್ಪದ ಅಧಿಕಾರಿಗಳು ಭೂಮಿಯ ಮೇಲೆ ಇಲ್ಲವೆನ್ನುವವರ ಬಾಯಿ ಮುಚ್ಚಿಸುವಂತೆ, ಸಾಹೇಬರು ಮುಂದಿನ ವಾರವೇ ತಮ್ಮನ್ನು ಕ್ರೇನಿನಲ್ಲಿ ಮೆರೆಸುತ್ತ ತಂದು ಪ್ರತಿಷ್ಠಾಪಿಸಿದರು. ತಾಯಿಯವರು ಗಾಬರಿಯಾಗಿ ಕಚೇರಿಗೇ ಹೋಗಿ, "ದೊಡ್ಡದು ಮಾಡು ಅಂದ್ರೆ ಮಾಡೇ ಇಲ್ವಲ್ಲಪ್ಪಾ!" ಎಂದು ಗೋಳಾಡಿದ್ದರಿಂದ ಸಾಹೇಬರು ನೊಂದುಕೊಂಡು, ಅದೇ ಕಂಬದ ಮೇಲೆ ಇನ್ನೊಂದು ದೀಪವಾಗಿ ತಮ್ಮ ತಮ್ಮನನ್ನೂ ಕೂರಿಸಿದರು. ಇನ್ನೊಮ್ಮೆ ಹೋಗುತ್ತೇನೆಂದು ಹೊರಟವರನ್ನು ನಾನು ಕೈಕಾಲು ಹಿಡಿದು ತಡೆದಿದ್ದೇನೆ.

ತಮ್ಮ ಮಹಿಮೆಯ ಒಳಗುಟ್ಟನ್ನು ನನಗೆ ತಿಳಿಸಿದವರು ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಡಾಕ್ಟರು. ಕತ್ತಲಾಯಿತೆಂದು ಕಣ್ಣು ವರದಿ ಒಪ್ಪಿಸಿದ ಮೇಲೆಯೇ ಮಿದುಳಿನಿಂದ ಮೆಲಟೋನಿನ್ ಎಂಬ ರಸ ಹೊರಟು, ಇನ್ನು ರಾತ್ರಿಯಾಯಿತು, ಸಾಕು ಮಾಡಿ ಎಂದು ಮೈಯಲ್ಲೆಲ್ಲ ಡಂಗುರ ಸಾರುತ್ತದಂತೆ. ಸಂಜೆಯ ಮೇಲೆ ಪ್ರಖರವಾದ ಬೆಳಕು, ಅದರಲ್ಲೂ ನೀಲಿ ಬೆರೆತ ತಮ್ಮಂಥ ಬಿಳಿ ಬೆಳಕು ಬಿದ್ದರೆ, ಇನ್ನೂ ಹಗಲೇ ಇದೆಯೆಂದು ತಿಳಿದು ಹಿಂದೆ ಸರಿಯುತ್ತದಂತೆ. ಮಂಕು ಹಳದಿ ಬೆಳಕಾದರೆ ಅಷ್ಟು ತಕರಾರಿಲ್ಲವಂತೆ. ಮೆಲಟೋನಿನ್ ಅವರು ಹೊಸ ಅಳಿಯನ ಹಾಗೆ ಸಂಕೋಚದವರೆಂದು ನನಗೆ ಆಗ ಗೊತ್ತಾಯಿತು. ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, "ಕಂಬದ ದೀಪಕ್ಕೆ ಶಾಪ ಹಾಕ್ತೀರಲ್ಲ, ಮೂಗಿನ ಮುಂದೆ ಹಿಡ್ಕೊಂಡಿರೋ ಮೊಬೈಲೇನು ಮಿಣುಕುಹುಳಾನಾ?" ಎಂದಳು. ಮಾತಿನಲ್ಲಿ ನ್ಯಾಯವಿತ್ತು. ಅಂದಿನಿಂದ ಸಂಜೆಯಾದೊಡನೆ ಮೊಬೈಲು ಅಡುಗೆಮನೆಯ ಡಬ್ಬಿಯೊಳಗೆ ಮಲಗುತ್ತದೆ, ಮತ್ತು ಮನೆಯಲ್ಲಿ ಚೆನ್ನಾಗಿ ನಿದ್ದೆ ಮಾಡುವುದು ಅದೊಂದೇ.

ತಮ್ಮಿಂದ ಮರೆಯಾಗಲು ಸಲೂನಿನ ಕರೀ ಬಟ್ಟೆಯನ್ನೇ ಕಿಟಕಿಗೆ ಕಟ್ಟಿ ನೋಡಿದೆ. ಬೆಳಕು ಅಂಚುಗಳಿಂದ ನುಸುಳಿ ಬಂತು. ಗಾಳಿ ಬೀಸಿದಾಗ ಬಟ್ಟೆಗೆ ಅಂಟಿದ್ದ ಗಿರಾಕಿಗಳ ಕೂದಲು ಹೆಂಡತಿಯ ಮುಖದ ಮೇಲೆ ಉದುರಿತು. ಆಮೇಲೆ ನಡೆದದ್ದನ್ನು ತಾವು ಅಷ್ಟು ಎತ್ತರದಿಂದ ಸ್ಪಷ್ಟವಾಗಿ ನೋಡಿಯೇ ಇದ್ದೀರಿ.

ಇಷ್ಟಾದರೂ ನಾನು ಪತ್ರ ಬರೆಯುತ್ತಿರಲಿಲ್ಲ. ಮೊನ್ನೆ ಬೆಳಗ್ಗೆ ಶಾಲೆಯ ಹೆಡ್‌ಮಾಸ್ತರರ ಮೀಸೆಯನ್ನು ಸ್ವಲ್ಪ ಒಪ್ಪ ಮಾಡುತ್ತಿದ್ದಾಗ ನನಗೆ ತೂಕಡಿಕೆ ಬಂದು, ಕಣ್ಣು ಬಿಡುವಷ್ಟರಲ್ಲಿ ಎಡಭಾಗ ಇರಲಿಲ್ಲ. ನ್ಯಾಯಕ್ಕಾಗಿ ಬಲಭಾಗವನ್ನೂ ತೆಗೆಯಬೇಕಾಯಿತು. ಈಗ ಶಾಲೆಯಲ್ಲಿ ಅವರಿಗೆ ಯಾರೂ ಹೆದರುತ್ತಿಲ್ಲವೆಂದು ಕೇಳಿ ಬೀದಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಮಾನ್ಯರೇ, ನಿಜ ಹೇಳುತ್ತೇನೆ, ನನಗೆ ಭಯವಾಗಿದೆ. ಮೀಸೆ ಮತ್ತೆ ಬೆಳೆಯುತ್ತದೆ. ಅದರ ಕೆಳಗೆ ನಾಲ್ಕು ಬೆರಳು ದೂರದಲ್ಲಿರುವುದು ಬೆಳೆಯುವುದಿಲ್ಲ. ಕಣ್ಣು ಮುಚ್ಚಿ ಕುತ್ತಿಗೆ ಒಡ್ಡುವ ಜನರ ನಂಬಿಕೆಯೇ ನನ್ನ ಅನ್ನ, ಮತ್ತು ನಿನ್ನೆ ಹಿಡಿದ ಕತ್ತಿಯನ್ನು ಹಾಗೆಯೇ ಕೆಳಗಿಟ್ಟುಬಿಟ್ಟೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಒಂದು ಜೊತೆ ರೆಪ್ಪೆ ಬೆಳೆಸಿಕೊಳ್ಳಬೇಕೆಂದೂ, ಅದಾಗದಿದ್ದರೆ ಸೂರ್ಯನಾರಾಯಣನ ಹಾಗೆ ದಿನಕ್ಕೊಮ್ಮೆ ಮುಳುಗುವುದನ್ನು ಅಭ್ಯಾಸ ಮಾಡಿಕೊಳ್ಳಬೇಕೆಂದೂ, ಅದೂ ಘನತೆಗೆ ಕುಂದೆನಿಸಿದರೆ ಬೆಳಕು ನೆಲವನ್ನಷ್ಟೇ ನೋಡುವಂಥ ಒಂದು ಟೋಪಿಯನ್ನಾದರೂ ಧರಿಸಿ, ಕಾಮಾಲೆ ಬಂದವರಂತೆ ಒಂದಿಷ್ಟು ಹಳದಿಯಾಗಬೇಕೆಂದೂ, ಮೆಲಟೋನಿನ್ ಅವರು ಸಿಕ್ಕಿದರೆ ಹಿಂಬಾಗಿಲು ತೆರೆದೇ ಇದೆಯೆಂದು ತಿಳಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ಇಂತಿ, ತಮ್ಮ ಬೆಳಕಿನಲ್ಲೇ ಕೂತು ಇದನ್ನು ಬರೆದಿರುವ,
ತಮ್ಮ ವಿಶ್ವಾಸಿ,
ಮೂಲೆ ಸಲೂನಿನ ಕ್ಷೌರಿಕ

ತಾ.ಕ.: ನಮ್ಮ ಬೀದಿಯನ್ನು ಇಷ್ಟು ಚೆನ್ನಾಗಿ ಬೆಳಗಿಸಿದ್ದಕ್ಕಾಗಿ ಇಂಜಿನಿಯರ್ ಸಾಹೇಬರಿಗೆ ನಾಳೆ ಸನ್ಮಾನವಂತೆ. ಅದಕ್ಕೆ ಮುಂಚೆ ಶೇವಿಂಗಿಗೆ ನನ್ನಲ್ಲಿಗೇ ಬರುತ್ತೇನೆಂದೂ, ಬ್ಲೇಡು ಬೇಡ, ಹಳೇ ಕತ್ತಿಯಲ್ಲೇ ಆಗಬೇಕೆಂದೂ ಹೇಳಿ ಕಳಿಸಿದ್ದಾರೆ. ಅವರನ್ನು ಕುರ್ಚಿಯಲ್ಲಿ ಒರಗಿಸಿ ಗದ್ದ ಎತ್ತುವವನು ಇಂದು ರಾತ್ರಿ ನಿದ್ದೆ ಮಾಡಿರಬೇಕೋ ಬೇಡವೋ ಎಂಬುದನ್ನು ತಾವೇ ತೀರ್ಮಾನಿಸಿ.