ಜೋರಿಯ ತೋಳಿನ ಕಾವಲು

ಇನ್ನೂ ಒಂದೇ ಒಂದು ಚೆಂಡನ್ನೂ ಎಸೆಯದ ತೋಳಿಗೆ ವರ್ಲಿನ್ ಐಸ್ ಚೀಲ ಕಟ್ಟುತ್ತಿದ್ದ.

"ಕೋಚ್, ನಾನು ಇನ್ನೂ ಆಡೇ ಇಲ್ಲ," ಎಂದಳು ಜೋರಿ.

"ಅದಕ್ಕೇ ಈಗ್ಲೇ ಕಟ್ಟೋದು. ನೋವು ಬಂದಮೇಲೆ ಕಟ್ಟೋರು ದಡ್ಡರು."

"ಕೈ ಮರಗಟ್ಟಿಹೋಗ್ತಿದೆ."

"ಹೋಗ್ಲಿ ಬಿಡು. ಸಂಜೆ ಹೊತ್ತಿಗೆ ಬರುತ್ತೆ."

ವರ್ಲಿನ್ ವೈನಿಯಾ ವಾರವಿಡೀ ಹಾಲು ಕರೆಯುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ, ಶನಿವಾರ ನ್ಯೂ ಉಟ್ರೆಕ್ಟ್ ಊರಿನ ಹುಡುಗಿಯರಿಗೆ ಸಾಫ್ಟ್‌ಬಾಲ್ ಆಡಿಸುತ್ತಿದ್ದ. ಹನ್ನೆರಡು ವರ್ಷದ ಜೋರಿ ಅವನ ತಂಡದ ಪಿಚರ್. ಅವಳು ತೋಳನ್ನು ಗಾಳಿಗಿರಣಿಯಂತೆ ಬೀಸಿ ಸೊಂಟದ ಬದಿಯಿಂದ ಚೆಂಡು ಬಿಟ್ಟರೆ ಬ್ಯಾಟು ಹಿಡಿದವಳಿಗೆ ಸದ್ದು ಮಾತ್ರ ಸಿಗುತ್ತಿತ್ತು. ಹೋದ ವರ್ಷದ ಒಂದು ದಿನದ ಪಂದ್ಯಾವಳಿಯಲ್ಲಿ ವರ್ಲಿನ್ ಅವಳ ಕೈಯಲ್ಲಿ ಬೆಳಗಿನಿಂದ ಎಸೆಸಿದ. ಫೈನಲ್ ಹೊತ್ತಿಗೆ ಆ ಮಗುವಿಗೆ ತಲೆ ಬಾಚಿಕೊಳ್ಳಲೂ ಕೈ ಏಳುತ್ತಿರಲಿಲ್ಲ. ಸೋತರು. ಆಮೇಲೆ ವರ್ಷಪೂರ್ತಿ ಅವನು ಕ್ಷೌರದಂಗಡಿಗೆ ಹೋದರೂ, ಔಷಧಿ ಅಂಗಡಿಗೆ ಹೋದರೂ ಒಂದೇ ಮಾತು: "ಆ ಕೂಸಿನ ತೋಳನ್ನ ಹಾಗಾ ಸವೆಸೋದು, ವರ್ಲಿನ್?"

ಈ ಸಲ ಕಪ್ ಬರದಿದ್ದರೆ ಕೋಚ್ ಕೆಲಸ ಗ್ಯಾರಿಟ್‌ಗೆ ಎಂದು ತಂದೆತಾಯಂದಿರು ಸೇರಿ ತೀರ್ಮಾನಿಸಿಬಿಟ್ಟಿದ್ದರು. ಗ್ಯಾರಿಟ್ ಎಂದರೆ ಎರಡನೇ ಪಿಚರ್ ಅನ್ನಿಕಾಳ ಅಪ್ಪ. ಜೋಳದ ಬಿತ್ತನೆ ಬೀಜ ಮಾರುವವನು. ಬಣ್ಣದ ಬಕೆಟ್ ಮಗುಚಿ ಹಾಕಿಕೊಂಡು ಬಲೆಯ ಹಿಂದೆ ಕೂತು ಸಲಹೆ ಕೊಡುವುದು ಅವನ ಹವ್ಯಾಸ.

ಹಾಗಾಗಿ ವರ್ಲಿನ್ ಶಪಥ ಮಾಡಿದ್ದ. ಜೋರಿಯನ್ನು ಮದುವೆಯ ಕೇಕಿನಂತೆ ದಿನವಿಡೀ ತಣ್ಣಗಿಟ್ಟು ಫೈನಲ್‌ಗೆ ಹೊರತೆಗೆಯುವುದು. ಅಲ್ಲಿಯವರೆಗಿನ ಎರಡು ಆಟಗಳನ್ನು ಹೇಗಾದರೂ ದಾಟುವುದು.

ಮೊದಲ ಆಟಕ್ಕೆ ಅನ್ನಿಕಾ ಚೆಂಡು ಹಿಡಿದಳು. ಅವಳ ಎಸೆತಕ್ಕೆ ವೇಗವಿತ್ತು, ವಿಳಾಸವಿರಲಿಲ್ಲ. ನಾಲ್ಕು ಚೆಂಡು ದಾರಿ ತಪ್ಪಿದರೆ ಬ್ಯಾಟು ಹಿಡಿದವಳು ಬಿಟ್ಟಿಯಾಗಿ ಮೊದಲ ಬೇಸಿಗೆ ನಡೆದು ಹೋಗಬಹುದು; ಹೀಗೆ ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಎದುರಾಳಿ ಹುಡುಗಿಯರು ಸಂತೆಗೆ ಹೊರಟವರಂತೆ ಒಬ್ಬರ ಹಿಂದೊಬ್ಬರು ನಡೆದರು.

"ಮೊಣಕೈ ಒಳಗೆ, ಮಗಳೇ," ಎಂದ ಬಕೆಟ್ ಮೇಲಿನ ಗ್ಯಾರಿಟ್. "ಅಷ್ಟಲ್ಲ, ಹೊರಗೆ. ಸೊಂಟ ತಿರುಗಿಸು. ಉಸಿರಾಡು."

"ಆಡ್ತಾನೇ ಇದೀನಿ ಅಪ್ಪಾ."

"ಬಾಯಲ್ಲಿ ಬೇಡ, ಮೂಗಲ್ಲಿ."

ಎದುರು ತಂಡದ ಪಿಚರ್‌ಗೂ ಇಂಥವನೇ ಒಬ್ಬ ಅಪ್ಪನಿದ್ದ. ಅವಳೂ ಎಲ್ಲರನ್ನೂ ನಡೆಸಿದಳು. ಆಟ ಮುಗಿಯುವಷ್ಟರಲ್ಲಿ ಗ್ಯಾಲರಿಯಲ್ಲಿದ್ದ ಅಜ್ಜಿಯೊಬ್ಬಳು ಒಂದು ಸ್ವೆಟರಿನ ಬೆನ್ನು ಹೆಣೆದು ತೋಳಿಗೆ ಕೈಹಾಕಿದ್ದಳು. ನ್ಯೂ ಉಟ್ರೆಕ್ಟ್ ಇಪ್ಪತ್ತೊಂದು-ಇಪ್ಪತ್ತು ರನ್ನುಗಳಿಂದ ಗೆದ್ದಿತು.

"ಇದು ಗೆಲುವಾ?" ಎಂದ ಗ್ಯಾರಿಟ್.

"ಗೆಲುವೇ," ಎಂದ ವರ್ಲಿನ್. "ಜೋರಿಯ ತೋಳು ಹೊಸದಾಗೇ ಇದೆ."

ಮಧ್ಯಾಹ್ನದ ಊಟಕ್ಕೆ ಬನ್ನಿನೊಳಗೆ ಖೀಮಾ ತುಂಬಿ ಕೊಟ್ಟರು. ಜೋರಿ ಬಲಗೈ ಚಾಚಿದಳು. ವರ್ಲಿನ್ ನಡುವೆ ನುಗ್ಗಿ ಬನ್ನನ್ನು ಅವಳ ಎಡಗೈಗೆ ಇಟ್ಟ. ಊರಿನ ಚರ್ಚಿನ ಪಾಸ್ಟರ್ ಬಂದು ಅವಳ ಕೈ ಕುಲುಕಲು ಹೋದರು. ವರ್ಲಿನ್ ತನ್ನ ಕೈಯನ್ನೇ ಕೊಟ್ಟುಬಿಟ್ಟ.

"ಅವಳ ಪರವಾಗಿ ನಾನು ಕುಲುಕ್ತೀನಿ, ಪಾಸ್ಟರ್. ಬೇಜಾರು ಮಾಡ್ಕೋಬೇಡಿ."

"ಪ್ರಾರ್ಥನೆಗೆ ಕೈ ಜೋಡಿಸಬಹುದು ತಾನೇ?"

"ಮೆಲ್ಲಗೆ," ಎಂದ ವರ್ಲಿನ್.

"ಕೋಚ್," ಎಂದಳು ಜೋರಿ, "ಒಂದೇ ಒಂದು ಇನಿಂಗ್ಸ್ ಕೊಡಿ. ಕೂತು ಕೂತು ಸಾಕಾಗಿದೆ."

"ಕೂತ್ಕೋ. ಬಾಯಲ್ಲಿರೋ ಸೂರ್ಯಕಾಂತಿ ಬೀಜದ ಸಿಪ್ಪೆನೂ ಎಡಕ್ಕೇ ಉಗಿ."

ಎರಡನೇ ಆಟ ತಡವಾಗಿ ಶುರುವಾಯಿತು, ಊರಿಗೆಲ್ಲ ಇದ್ದದ್ದು ಒಂದೇ ಮೈದಾನ. ಅನ್ನಿಕಾ ಮತ್ತೆ ಜನರನ್ನು ನಡೆಸತೊಡಗಿದಳು. ವರ್ಲಿನ್ ಮೈದಾನದ ನಡುವಿನ ವೃತ್ತಕ್ಕೆ ಹೋಗಿ ಅವಳಿಗೆ ನಾಲ್ಕು ಧೈರ್ಯದ ಮಾತು ಹೇಳಿ ಬಂದ. ಬಂದು ಕೂತನೋ ಇಲ್ಲವೋ, ಗ್ಯಾರಿಟ್ ಒಂದು ಕ್ರೀಮಿನ ಟ್ಯೂಬು ಹಿಡಿದು ಎದುರಿಗೆ ನಿಂತ.

"ಮಗು ಮೂಗು ನೋಡು, ಟೊಮೆಟೊ ಆಗಿದೆ. ಹೋಗಿ ಹಚ್ಚಿ ಬಾ."

"ಇನಿಂಗ್ಸ್ ಮುಗೀಲಿ ಮಾರಾಯ."

"ಅನ್ನಿಕಾ ಇನಿಂಗ್ಸ್ ಯಾವತ್ತಾದ್ರೂ ಮುಗಿದಿದ್ಯಾ? ಅಷ್ಟರಲ್ಲಿ ಸುಟ್ಟೇ ಹೋಗ್ತಾಳೆ."

ವರ್ಲಿನ್ ಟ್ಯೂಬು ಕಸಿದುಕೊಂಡ. ಓಡಿಹೋಗಿ ಹುಡುಗಿಯ ಮೂಗಿಗೆ ಕ್ರೀಮು ಬಳಿದ. ತಿರುಗಿ ನೋಡಿದರೆ ಅಂಪೈರ್ ಆರ್ವಿನ್ ಎರಡು ಬೆರಳು ಎತ್ತಿ ನಿಂತಿದ್ದ. ಆರ್ವಿನ್ ನಿವೃತ್ತ ಪೋಸ್ಟ್ ಮಾಸ್ಟರ್. ಪಂದ್ಯಾವಳಿ ನಡೆಸುವವನೂ ಅವನೇ, ತೀರ್ಪು ಕೊಡುವವನೂ ಅವನೇ.

"ಒಂದೇ ಇನಿಂಗ್ಸಲ್ಲಿ ಕೋಚ್ ಎರಡು ಸಲ ಪಿಚರ್ ಹತ್ರ ಹೋದ್ರೆ ಪಿಚರ್ ಇಳೀಬೇಕು."

"ಮಾತೇ ಆಡಿಲ್ಲ ನಾನು. ಮೂಗಿಗೆ ಹಚ್ಚಿದೆ ಅಷ್ಟೇ."

"ರೂಲ್‌ನಲ್ಲಿ ಮೂಗಿಗೆ ವಿನಾಯಿತಿ ಇಲ್ಲ, ವರ್ಲಿನ್."

ಬೆಂಚಿನ ಮೇಲಿದ್ದ ಜೋರಿ ಎದ್ದು ನಿಂತು ಐಸ್ ಚೀಲ ಬಿಚ್ಚತೊಡಗಿದಳು. ವರ್ಲಿನ್ ದೂರದಿಂದಲೇ ಕೈಯಾಡಿಸಿ ಅವಳನ್ನು ಕೂರಿಸಿದ. ಆಮೇಲೆ ಚೆಂಡನ್ನು ಪೈಪರ್ ಎಂಬ ಪುಟ್ಟ ಹುಡುಗಿಯ ಕೈಗೆ ತುರುಕಿದ.

"ನಾನು ಯಾವತ್ತೂ ಎಸೆದಿಲ್ಲ," ಎಂದಳು ಪೈಪರ್.

"ಹಾಗಾದ್ರೆ ನಿನ್ನ ತೋಳು ಜೋರಿ ತೋಳಿಗಿಂತ ಹೊಸದು. ಎಸಿ."

ಪೈಪರ್ ಎಸೆದಳು. ಚೆಂಡು ಮೇಲಕ್ಕೆ ಹೋಯಿತು, ಅಲ್ಲೇ ನಿಂತು ಸ್ವಲ್ಪ ಹೊತ್ತು ಊರು ನೋಡಿತು, ಆಮೇಲೆ ಮನಸ್ಸು ಬಂದಾಗ ಇಳಿಯಿತು. ವೇಗದ ಚೆಂಡಿಗೇ ಒಗ್ಗಿದ್ದ ಎದುರಾಳಿಗಳು ಅದು ಬರುವ ಮೊದಲೇ ಬ್ಯಾಟು ಬೀಸಿ ಬುಗುರಿಯಂತೆ ಸುತ್ತಿದರು. ಒಬ್ಬಳು ಒಂದೇ ಚೆಂಡಿಗೆ ಎರಡು ಸಲ ಬೀಸಿದಳು. ಆದರೆ ಪೈಪರ್ ಬರುವಷ್ಟರಲ್ಲೇ ಬೇಕಾದಷ್ಟು ರನ್ ಹೋಗಿದ್ದವು, ಬೇಕಾದಷ್ಟು ಹೊತ್ತೂ ಹೋಗಿತ್ತು. ಹೆಣೆಯುವ ಅಜ್ಜಿ ಎರಡನೇ ತೋಳು ಮುಗಿಸಿ ಉಣ್ಣೆಗಾಗಿ ಮೊಮ್ಮಗನನ್ನು ಮನೆಗೆ ಓಡಿಸಿದಳು. ಆದರೂ ನ್ಯೂ ಉಟ್ರೆಕ್ಟ್ ಗೆದ್ದಿತು, ಮತ್ತೆ ಒಂದೇ ರನ್ನಿನಿಂದ.

ವರ್ಲಿನ್ ಮಗುವಿನ ಹಾಗೆ ಕುಣಿದ. ಫೈನಲ್. ತಾಜಾ ಜೋರಿ. ಎದುರಿಗೆ ಸೂ ಫಾಲ್ಸ್ ಪಟ್ಟಣದ ತಂಡ. ಅವರ ಕೋಚ್ ರೋಂಡಾ ತನ್ನ ಒಬ್ಬಳೇ ಪಿಚರ್ ಕೈಯಲ್ಲಿ ಬೆಳಗಿನಿಂದ ಎಸೆಸಿದ್ದಳು. ಆ ಹುಡುಗಿಯ ತೋಳು ಈಗ ಹಗ್ಗದ ಮೇಲೆ ಒಣಹಾಕಿದ ಟವೆಲ್ಲಿನಂತೆ ನೇತಾಡುತ್ತಿತ್ತು.

"ಈಗ ನೋಡು," ಎಂದ ವರ್ಲಿನ್ ಗ್ಯಾರಿಟ್‌ಗೆ. ಜೋರಿಯ ಐಸ್ ಚೀಲವನ್ನು ಪ್ರತಿಮೆಯ ಪರದೆ ಸರಿಸುವವನಂತೆ ಬಿಚ್ಚಿದ.

ಜೋರಿ ವೃತ್ತಕ್ಕೆ ಹೋಗಿ ತೋಳು ಬೀಸಿದಳು. ಶಿಳ್ಳೆಯಂಥ ಸದ್ದು ಕೇಳಿತು. ಆಮೇಲೆ ಹಿಂದಿನ ಬಲೆ ಝಣಗುಟ್ಟಿತು.

"ಏನದು?" ಎಂದ ಆರ್ವಿನ್.

"ಚೆಂಡು," ಎಂದ ವರ್ಲಿನ್. "ಸ್ಟ್ರೈಕು. ನೇರ ಎಸೆತ."

"ನಂಗೆ ಕಾಣ್ಲಿಲ್ಲ. ಹಿಡಿಯೋ ಹುಡುಗೀಗೂ ಕಾಣ್ಲಿಲ್ಲ. ಬ್ಯಾಟ್ ಹಿಡ್ದೋಳು ಆಗ್ಲೇ ಅಮ್ಮನ ಹತ್ರ ಓಡಿದಾಳೆ." ಅವನು ಪಶ್ಚಿಮಕ್ಕೆ ಕೈ ತೋರಿಸಿದ. ಸೂರ್ಯ ಜೋಳದ ಕಣಜದ ಹಿಂದೆ ಇಳಿದುಹೋಗಿತ್ತು. ಮೈದಾನಕ್ಕೆ ದೀಪಗಳಿರಲಿಲ್ಲ. "ಎರಡು ಆಟಕ್ಕೆ ಇಡೀ ದಿನ ತಿಂದಿದೀಯ ನೀನು. ಎಂಟು ಗಂಟೆ ಹೊತ್ತಿಗೆ ಮುಗೀಬೇಕಾಗಿತ್ತು ಇದೆಲ್ಲ."

"ಹಾಗಾದ್ರೆ ಕಪ್ ಯಾರಿಗೆ?"

"ಫೈನಲ್ ಆಗದಿದ್ರೆ, ದಿನವಿಡೀ ಯಾರು ಕಡಿಮೆ ರನ್ ಬಿಟ್ಟುಕೊಟ್ಟಿದಾರೋ ಅವ್ರಿಗೆ."

ಗ್ಯಾರಿಟ್ ಬಕೆಟ್ ಮೇಲೆ ಕೂತಲ್ಲೇ ನಕ್ಕ. ವರ್ಲಿನ್ ಲೆಕ್ಕ ಹಾಕುವ ಗೋಜಿಗೇ ಹೋಗಲಿಲ್ಲ. ಬಿಟ್ಟುಕೊಟ್ಟ ರನ್ನುಗಳೆಲ್ಲ ಸಾಲಾಗಿ ನಡೆದುಕೊಂಡು ಅವನ ಕಣ್ಣೆದುರೇ ಹೋದವು.

ಆಗ ರೋಂಡಾ ಹತ್ತಿರ ಬಂದಳು. ಒಳ್ಳೆಯ ಹೆಂಗಸು.

"ಆಡದೇ ಬಂದ ಕಪ್ ಮುಟ್ಟಲ್ಲ ಅಂತಿದಾರೆ ನಮ್ ಹುಡುಗೀರು. ನಾವು ಹೇಗೂ ಇಲ್ಲೇ ಹೋಟ್ಲಲ್ಲಿ ಉಳೀತೀವಿ. ನಾಳೆ ಮಧ್ಯಾಹ್ನ ಆಡಿಬಿಡೋಣ್ವಾ? ಅಂಪೈರ್‌ನ ನಾನೇ ಕರೆಸ್ತೀನಿ."

ವರ್ಲಿನ್‌ಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಗ್ಯಾಲರಿಯಲ್ಲಿದ್ದವರೆಲ್ಲ ಇದ್ದಕ್ಕಿದ್ದಂತೆ ಪಾಸ್ಟರ್ ಕಡೆ ತಿರುಗಿದರು. ಹೆಣೆಯುವ ಅಜ್ಜಿಯ ಕಡ್ಡಿಗಳೂ ನಿಂತವು. ನಾಳೆ ಭಾನುವಾರ. ಭಾನುವಾರ ನ್ಯೂ ಉಟ್ರೆಕ್ಟ್‌ನಲ್ಲಿ ಬೆಳಿಗ್ಗೆ ಒಮ್ಮೆ ಚರ್ಚು, ಸಂಜೆ ಒಮ್ಮೆ ಚರ್ಚು; ಅದು ದೇವರ ದಿನ, ಕೆಲಸವೂ ಇಲ್ಲ, ಆಟವೂ ಇಲ್ಲ. ನಡುವೆ ಹುಲ್ಲು ಕತ್ತರಿಸುವ ಯಂತ್ರ ಕೂಡ ಬಾಯಿ ಬಿಡುವುದಿಲ್ಲ. ಅವನ ಅಜ್ಜ ಭಾನುವಾರ ಬೈಸಿಕಲ್ಲನ್ನೂ ಮುಟ್ಟುತ್ತಿರಲಿಲ್ಲ.

ಅಜ್ಜನಿಗೆ ಫೈನಲ್ ಇರಲಿಲ್ಲ ಎಂದು ವರ್ಲಿನ್ ತನಗೆ ತಾನೇ ಹೇಳಿಕೊಂಡ. ಪಾಸ್ಟರ್ ಕಡೆ ನೋಡಲಿಲ್ಲ. ನೇರ ಜೋರಿಯ ಮುಂದೆ ಹೋಗಿ ಮಂಡಿಯೂರಿದ.

"ಪುಟ್ಟಾ, ಬೆಳಿಗ್ಗೆಯಿಂದ ಒಂದು ಇನಿಂಗ್ಸ್ ಕೊಡಿ ಅಂತಿದ್ಯಲ್ಲ. ನಾಳೆ ಎಲ್ಲ ಇನಿಂಗ್ಸೂ ನಿಂದೇ. ಊಟಕ್ಕೂ ಸಂಜೆ ಚರ್ಚಿಗೂ ಮಧ್ಯೆ. ಯಾರೂ ನಿನ್ನ ತಡೆಯಲ್ಲ."

ಜೋರಿ ಅವನನ್ನು ಕನಿಕರದಿಂದ ನೋಡಿದಳು.

"ನಾಳೆ ಭಾನುವಾರ, ಕೋಚ್."

"ಗೊತ್ತು ಕಣಮ್ಮ. ಒಂದೇ ಆಟ."

"ನಿಮಗೆ ಬೇಕಿದ್ರೆ ನೀವೇ ಎಸೀರಿ," ಎಂದಳು ಜೋರಿ. "ನಾನು ಆಡಲ್ಲ."