ಕುರಿ ಶೆಡ್ಡಿಗೊಂದು ಸಹಿ

ಸರ್ಕಾರ ಸಬ್ಸಿಡಿ ಕೊಡುತ್ತಿರುವವರೆಗೆ ನನ್ನಂಥ ತಪಾಸಣೆಯವನಿಗೆ ನಗು ಬರುವ ಸಂದರ್ಭಗಳು ತಪ್ಪುವುದಿಲ್ಲ. ಆದರೆ ನಗುವಂತಿಲ್ಲ, ನಾನು ನಕ್ಕರೆ ಫೈಲು ಪಾಸಾಯಿತೆಂದು ಜನ ತಿಳಿಯುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ತಾಲ್ಲೂಕಿನ ಕುರಿ ಶೆಡ್ಡುಗಳು ನನ್ನ ಪಾಲಿಗೆ ಬಂದಿದ್ದವು. ಷರತ್ತು ಸರಳ: ಹತ್ತು ಹೆಣ್ಣು ಕುರಿ, ಒಂದು ಟಗರು, ಎಲ್ಲವೂ ಶೆಡ್ಡಿನೊಳಗಿರಬೇಕು. ಕಣ್ಣಾರೆ ನೋಡಿ ನಾನು ಸಹಿ ಹಾಕಿದರೆ ಕೊನೆಯ ಕಂತು, ಇಲ್ಲವಾದರೆ ಇಲ್ಲ. ಕಾನ್ವೆಂಟಿನಲ್ಲಿ ಓದಿದವನು ನಾನು. ಅಲ್ಲಿ ಶೂ ಲೇಸು ಸಡಿಲವಿದ್ದರೂ ಹೊರಗೆ ನಿಲ್ಲಿಸುತ್ತಿದ್ದರು. ಷರತ್ತೆಂದರೆ ನನಗೆ ಷರತ್ತೇ.

೧. ಶಿಸ್ತಿನ ಕುರಿಗಳು

ಅಮೃತಾಪುರದ ಹತ್ತಿರ ತೆಂಗಿನ ತೋಟದವರೊಬ್ಬರ ಶೆಡ್ಡು. ನೆಲ ಮಿರಿಮಿರಿ ಮಿಂಚುತ್ತಿತ್ತು, ಬಾಗಿಲಿಗೆ ರಂಗೋಲಿ ಬೇರೆ. ಹನ್ನೊಂದು ಕುರಿಗಳೂ ಗುರುತಿಲ್ಲದ ನೆಂಟರ ಮನೆಗೆ ಬಂದವರಂತೆ ಒಂದೇ ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು.

“ಎಷ್ಟು ದಿನದಿಂದ ಇಲ್ಲಿವೆ?”

“ಆರು ತಿಂಗಳಾತು ಸಾರ್.”

“ಒಂದು ಹಿಕ್ಕೆಯೂ ಕಾಣುತ್ತಿಲ್ಲವಲ್ಲ?”

ಯಜಮಾನರು ಕುರಿಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು.

“ನೀವು ಬತ್ತೀರಿ ಅಂತ ತಡ್ಕಂಡವೆ ಸಾರ್.”

೨. ನೀಲಿ ಬೆನ್ನು

ಆ ಕುರಿಗಳು ಇನ್ನೊಬ್ಬರ ಶೆಡ್ಡಿಗೆ ಪ್ರಯಾಣ ಬೆಳೆಸಬಾರದೆಂದು ಹೊರಡುವ ಮುನ್ನ ಒಂದೊಂದರ ಬೆನ್ನಿಗೂ ನೀಲಿ ಬಣ್ಣ ಬಳಿದೆ. ಮೂರನೆಯ ದಿನ ಅಜ್ಜಂಪುರದ ಕಡೆ ಹೋದರೆ ಶೆಡ್ಡಿನಲ್ಲಿದ್ದ ಹನ್ನೊಂದಕ್ಕೂ ನೀಲಿ ಬೆನ್ನು. ಸಿಕ್ಕಿಬಿದ್ದರು ಅಂದುಕೊಂಡೆ. ಹೊರಗೆ ಬಂದು ನೋಡಿದರೆ ಪಕ್ಕದ ಮನೆಯ ಮೇಕೆಗೂ ನೀಲಿ, ಎದುರಿಗೆ ಕಟ್ಟಿದ್ದ ಎಮ್ಮೆಗೂ ನೀಲಿ.

“ಏನ್ರೀ ಇದು?” ಎಂದು ಶೆಡ್ಡಿನವನನ್ನು ಕೇಳಿದೆ.

“ನೀವು ನೀಲಿ ಬಳಿದಿದ್ದೆಲ್ಲ ಪಾಸು ಅಂತ ಸುದ್ದಿ ಬಂತು ಸಾರ್. ನಿಮಗ್ಯಾಕೆ ತೊಂದ್ರೆ ಅಂತ ನಾವೇ ಬಳುದ್ವಿ.”

“ಎಮ್ಮೆಗೆ ಯಾಕೆ?”

“ಮುಂದಿನ ವರ್ಷ ಎಮ್ಮೆಗೂ ಸ್ಕೀಮ್ ಬಂದ್ರೆ? ಬಣ್ಣ ಹೆಂಗೂ ಮಿಕ್ಕಿತ್ತು.”

೩. ಹಗಲಲ್ಲಿ ಖಾಲಿ ಶೆಡ್ಡು

ಚೌಳಹಿರಿಯೂರಿನ ಹತ್ತಿರ ಒಬ್ಬಳು ಅಜ್ಜಿ. ನಾನು ಕಂಡ ಶೆಡ್ಡುಗಳಲ್ಲೆಲ್ಲ ಕುರಿಯ ವಾಸನೆ ಇದ್ದದ್ದು ಅದೊಂದರಲ್ಲೇ. ಕುರಿ ಮಾತ್ರ ಒಂದೂ ಇರಲಿಲ್ಲ. ಅಂದೇ ಕೊನೆಯ ದಿನ. ಸಂಜೆ ಐದಕ್ಕೆ ಇಲಾಖೆಯ ಆ್ಯಪ್ ಮುಚ್ಚುತ್ತದೆ. ಅಷ್ಟರೊಳಗೆ ಕುರಿಗಳು ಶೆಡ್ಡಿನೊಳಗಿರುವ ಫೋಟೊ ಹೋಗದಿದ್ದರೆ ಆಕೆಗೆ ಕಂತಿಲ್ಲ. ಆ ಕಂತು ನಂಬಿಕೊಂಡೇ ಆಕೆ ಕಿವಿಯ ಓಲೆ ಮಾರಿ ಶೆಡ್ಡಿಗೆ ಶೀಟು ಹೊದಿಸಿದ್ದಳು.

“ಕುರಿ ಎಲ್ಲಜ್ಜೀ?”

“ಕೆರೆ ಅಂಗಳದಾಗೆ ಮೇಯ್ತಾವೆ. ಹಗಲೊತ್ತು ಮನೇಲಿ ಕುಂತ್ಕಂಡ್ರೆ ಅವುಕ್ಕೆ ನೀನು ಉಣ್ಣಕ್ಕಿಕ್ತೀಯೇನಪ್ಪಾ?”

ಜೀಪಿನ ಡ್ರೈವರು ಕಿವಿಯಲ್ಲಿ ಉಸುರಿದ: “ಪಕ್ಕದೂರಲ್ಲಿ ಬಾಡಿಗೆಗೆ ಸಿಗ್ತವೆ ಸಾರ್.”

ಅಜ್ಜಿಗೆ ಕೇಳಿಸಿತು. “ನನ್ನವೇ ಇರುವಾಗ ಬಾಡಿಗೆ ಯಾಕಲೇ? ಫೋಟೊಕ್ಕೆ ಹೆಂಡ್ತೀನೂ ಬಾಡಿಗೆ ತತ್ತೀಯಾ?”

ಕೆರೆಯಿಂದ ಕುರಿ ಹೊಡೆದುಕೊಂಡು ಬರುವಷ್ಟರಲ್ಲಿ ನಾಲ್ಕೂಮುಕ್ಕಾಲು. ಬಾಗಿಲವರೆಗೆ ಬಂದವು, ಒಳಗೆ ಕಾಲಿಡಲಿಲ್ಲ.

“ಹೊತ್ತು ಮುಳುಗದೆ ಹೋಗಕಿಲ್ಲ ಅವು,” ಎಂದಳು ಅಜ್ಜಿ. “ಇಲ್ಲಾಂದ್ರೆ ನಾನು ಕಂಬಳಿ ಹೊದ್ದು ಮುಂದೆ ನುಗ್ಗಬೇಕು. ಕಂಬಳಿ ಹಿಂದೆ ಬತ್ತಾವೆ.”

ಷರತ್ತಿನ ಪ್ರಕಾರ ಫಲಾನುಭವಿ ಹೊರಗೆ ಸ್ಕೀಮಿನ ಬೋರ್ಡಿನ ಪಕ್ಕ ನಿಂತಿರಬೇಕು. ಬಾಡಿಗೆಯ ಮಾತೆತ್ತಿದ ಡ್ರೈವರಿಗೆ ಅಜ್ಜಿ ಕಂಬಳಿ ಮುಟ್ಟಗೊಡಲಿಲ್ಲ, ಅವನು ಫೋಟೊ ತೆಗೆಯಬೇಕು. ಉಳಿದವನು ನಾನೊಬ್ಬ.

ಅಜ್ಜಿ ತನ್ನ ಕರೀಕಂಬಳಿಯನ್ನು ನನ್ನ ತಲೆಯ ಮೇಲೆ ಎಳೆದಳು. “ಬಗ್ಗಪ್ಪಾ. ಇನ್ನೂ ಬಗ್ಗು. ಸಾಹೇಬ್ರಂಗೆ ನಡೀಬ್ಯಾಡ.”

ಕೈಕಾಲೂರಿ ಒಳಹೊಕ್ಕೆ. ಟಗರು ಹಿಂದಿನಿಂದ ಒಂದು ಗುದ್ದು ಕೊಟ್ಟು ಜೊತೆಗೇ ಬಂತು; ಮಿಕ್ಕವೂ ನುಗ್ಗಿದವು. ಐದಕ್ಕೆ ಎರಡು ನಿಮಿಷವಿರುವಾಗ ಫೋಟೊ ಹೋಯಿತು.

ವಾರದ ನಂತರ ಮೇಲಿನ ಕಚೇರಿಯ ಪತ್ರ: “ದಾಖಲೆಯಲ್ಲಿ ಹನ್ನೊಂದು ಕುರಿ, ಫೋಟೊದಲ್ಲಿ ಹನ್ನೆರಡು. ವಿವರಣೆ ಬರುವವರೆಗೆ ಕಂತು ತಡೆಹಿಡಿಯಲಾಗಿದೆ.”

ನನಗೆ ಸುಳ್ಳು ಬರೆದು ಅಭ್ಯಾಸವಿಲ್ಲ. “ಎಡದಿಂದ ಮೂರನೆಯದು, ಕಪ್ಪು ಬಣ್ಣದ್ದು, ತಪಾಸಣಾಧಿಕಾರಿ” ಎಂದು ಬರೆದು ಸಹಿ ಮಾಡಿದೆ.

ನಾಲ್ಕೇ ದಿನಕ್ಕೆ ಉತ್ತರ ಬಂತು:

“ವಿವರಣೆ ಒಪ್ಪಲಾಗಿದೆ. ಎಡದಿಂದ ಮೂರನೆಯದನ್ನು ಹೊರತುಪಡಿಸಿ ಉಳಿದ ಕುರಿಗಳಿಗೆ ಹಣ ಮಂಜೂರು ಮಾಡಲಾಗಿದೆ.”